ಅಂಗೈಯಗಲದ ಯಂತ್ರ ಕನ್ನಡ ಮಾತಾಡಬಾರದೇ?

ಅಂಗಡಿ ಬೋರ್ಡಿನಲ್ಲಿ ಶೇಕಡ ೬೦ ಭಾಗ ಕನ್ನಡ ಇರಲೇಬೇಕೆಂದು ೨೦೨೪ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಸಂತೋಷ. ಈಗ ಅದೇ ಬೋರ್ಡಿನ ಕೆಳಗೆ ಹಾದು ಅಂಗಡಿಯೊಳಗೆ ಹೋಗಿ ನೋಡಿ. ತೂಕದ ಯಂತ್ರದ ಮೇಲೆ ಏನು ಬರೆದಿದೆ? ಬಿ.ಪಿ. ನೋಡುವ ಯಂತ್ರ ಯಾವ ಭಾಷೆಯಲ್ಲಿ ಹೇಳುತ್ತದೆ? ಯುಪಿಎಸ್ಸು, ಇನ್ವರ್ಟರು, ಪಂಪ್‌ಸೆಟ್ಟಿನ ಸ್ಟಾರ್ಟರು? ಹೆಚ್ಚುಕಮ್ಮಿ ಎಲ್ಲವೂ ಇಂಗ್ಲಿಷ್. ಹೊರಗೆ ಹಳದಿ ಕೆಂಪು ಬಾವುಟ, ಒಳಗೆ ಇಂಗ್ಲಿಷ್ ದರ್ಬಾರು.

ಬೋರ್ಡು ಬದಲಾಯಿಸಪ್ಪಾ ಎಂದು ಅಂಗಡಿಯವನನ್ನು ಕೇಳಬಹುದು. ಯಂತ್ರದ ಹೊಟ್ಟೆಯೊಳಗಿನ ಭಾಷೆ ಬದಲಾಯಿಸು ಎಂದು ಯಾರನ್ನು ಕೇಳೋಣ? ಅದನ್ನು ಮಾಡಿದವನು ಚೀನಾದ ಶೆನ್‌ಝೆನ್‌ನಲ್ಲಿ ಕೂತಿದ್ದಾನೆ. ಅವನ ಮನೆ ಮುಂದೆ ಹೋಗಿ ಧರಣಿ ಕೂರಲು ಆಗುತ್ತದೆಯೇ?

ನಾನು ಹೇಳುವುದು ಇಷ್ಟೇ, ಬಂಧುಗಳೇ. ಕೇಳುವುದರ ಜೊತೆಗೆ ಮಾಡಿಕೊಳ್ಳುವುದನ್ನೂ ಕಲಿಯೋಣ. ಇವತ್ತು ಸುಮಾರು ೧೫೦೦ ರೂಪಾಯಿಯ ಬಿಡಿಭಾಗ ತಂದು, ಜೇಬಿನಲ್ಲಿ ಹಿಡಿಸುವ ಯಂತ್ರವೊಂದನ್ನು ನಮ್ಮೂರ ಹುಡುಗ ಮನೆಯಲ್ಲೇ ಕಟ್ಟಬಲ್ಲ. ಕಟ್ಟಿದವನು ಯಾವ ಭಾಷೆ ಹೇಳಿಕೊಟ್ಟನೋ ಅದು ಅದನ್ನೇ ಆಡುತ್ತದೆ. ಯಂತ್ರಕ್ಕೆ ಕನ್ನಡದ ಮೇಲೆ ದ್ವೇಷವೇನಿಲ್ಲ. ಅದಕ್ಕೆ ಕನ್ನಡ ಹೇಳಿಕೊಟ್ಟವರಿಲ್ಲ.

ಹುಳು ಮನೆಯ ಕಷ್ಟ

ಬರೀ ಭಾಷಣ ಬೇಡ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮದು ರೇಷ್ಮೆ ಸೀಮೆ. ನನ್ನ ಪ್ರೆಸ್ಸಿಗೆ ಬರುವ ಕೆಲಸವೆಂದರೆ ಲಗ್ನಪತ್ರಿಕೆ ಮತ್ತು ರಸೀದಿ ಪುಸ್ತಕ. ಎರಡಕ್ಕೂ ದುಡ್ಡು ಬರುವುದು ಗೂಡು ಮಾರಿದ ಮೇಲೆ. ನಮ್ಮ ಅಕ್ಕನ ಮನೆಯಲ್ಲೂ ಹುಳು ಸಾಕುತ್ತಾರೆ.

ಸಾಕಿದವರಿಗೆ ಗೊತ್ತು. ಚಾಕಿ ಹುಳುವಿಗೆ ೨೬ರಿಂದ ೨೮ ಡಿಗ್ರಿ ಉಷ್ಣಾಂಶ ಬೇಕು, ನೂರಕ್ಕೆ ೮೦ರಿಂದ ೯೦ ತೇವಾಂಶ ಬೇಕು. ಹುಳು ದೊಡ್ಡದಾಗಿ ಕಡೆಯ ಹಂತಕ್ಕೆ ಬಂದಾಗ ೨೪-೨೫ ಡಿಗ್ರಿ ಸಾಕು, ತೇವಾಂಶ ೭೦ರ ಆಸುಪಾಸು ಸಾಕು. ತೇವ ಇಳಿದರೆ ಸೊಪ್ಪು ಬಾಡುತ್ತದೆ, ಹುಳು ಮೇಯುವುದಿಲ್ಲ. ದೊಡ್ಡ ಹುಳುವಿನ ಮನೆಯಲ್ಲಿ ತೇವ ಏರಿ ಗಾಳಿ ಆಡದಿದ್ದರೆ ರೋಗ ಬರುತ್ತದೆ. ಒಂದು ಬೆಳೆ ಅಂದರೆ ಸುಮಾರು ೨೫ ದಿನದ ನಿದ್ದೆಗೆಟ್ಟ ದುಡಿಮೆ. ಕಡೆಯ ಕೆಲವು ರಾತ್ರಿ ಎಚ್ಚರ ತಪ್ಪಿದರೆ ಗೂಡು ಹಗುರ, ಮಾರ್ಕೆಟ್ಟಿನಲ್ಲಿ ರೇಟೂ ಹಗುರ.

ಇದನ್ನು ನೋಡಲು ಮೊದಲಿನಿಂದಲೂ ಒಣ ಬಲ್ಬು, ಒದ್ದೆ ಬಲ್ಬಿನ ಜೋಡಿ ಥರ್ಮಾಮೀಟರ್ ಇದೆ. ಎರಡನ್ನೂ ಓದಿ, ಒಂದರಿಂದ ಒಂದನ್ನು ಕಳೆದು, ಕೋಷ್ಟಕದಲ್ಲಿ ಹುಡುಕಬೇಕು. ಈಗ ಗಡಿಯಾರದಂಥ ಮೀಟರೂ ಬಂದಿದೆ. ಅದರ ಮೇಲೆ ಇಂಗ್ಲಿಷಿನ ನಾಲ್ಕು ತುಂಡು ಪದ, ಎರಡು ಅಂಕಿ. ರಾತ್ರಿ ಎರಡು ಗಂಟೆಗೆ, ಮಂದ ಬೆಳಕಿನಲ್ಲಿ, ಕನ್ನಡಕ ಎಲ್ಲೋ ಇಟ್ಟಿರುವಾಗ, ೨೭ ಯಾವುದು ೭೨ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಅಕ್ಕ ಮಗನನ್ನು ಎಬ್ಬಿಸುತ್ತಿದ್ದಳು. ಅವನು ಡಿಪ್ಲೊಮಾ ಓದುವವನು, ಬೆಳಿಗ್ಗೆ ಮೊದಲ ಬಸ್ಸು ಹಿಡಿಯಬೇಕು. ಕೊನೆಗೆ ಅವನೇ ಹೇಳಿದ: “ಮಾವ, ಅಮ್ಮನಿಗೆ ಬಾಯಿಬಿಟ್ಟು ಹೇಳೋ ಮೀಟರ್ ನಾವೇ ಮಾಡೋಣ. ತಂತಿ ಕೆಲಸ ನಂದು, ಅಕ್ಷರದ ಕೆಲಸ ನಿಮ್ದು.”

ಅಕ್ಷರದ ಕೆಲಸ ಎಂದರೆ ಪ್ರೆಸ್ಸಿನವನಿಗೆ ಆಗುವುದಿಲ್ಲ ಎನ್ನಲು ಬಾಯಿ ಬರುತ್ತದೆಯೇ? ನನಗೂ ಆ ಮೀಟರ್ ಬೇಕಿತ್ತು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಅಂಚು ಅಲೆಅಲೆಯಾಗುತ್ತದೆ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಹುಳುವಿನ ಕಾಯಿಲೆಯೂ ಕಾಗದದ ಕಾಯಿಲೆಯೂ ಒಂದೇ.

ಇಟ್ಟಿಗೆ ಸುಡಬೇಕಾಗಿಲ್ಲ

ಮನೆ ಕಟ್ಟುವವನು ತಾನೇ ಇಟ್ಟಿಗೆ ಸುಡುವುದಿಲ್ಲ, ತಂದು ಜೋಡಿಸುತ್ತಾನೆ. ಎಲೆಕ್ಟ್ರಾನಿಕ್ಸ್ ಕೆಲಸವೂ ಈಗ ಹಾಗೇ ಆಗಿದೆ. ಮಾಡ್ಯೂಲ್ ಎಂದರೆ ಒಂದೇ ಒಂದು ಕೆಲಸವನ್ನು ಚೆನ್ನಾಗಿ ಕಲಿತ ಚಿಕ್ಕ ಹಲಗೆ. ಅಂಥ ಏಳೆಂಟು ಹಲಗೆಗಳನ್ನು ತಂತಿಯಿಂದ ಕೂಡಿಸಿದರೆ ಯಂತ್ರವಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಲ್ಲವೂ ಸಿಗುತ್ತವೆ. ಅಂಚೆಯಲ್ಲೂ ತರಿಸಬಹುದು.

ತಲೆಯ ಕೆಲಸಕ್ಕೆ ಇಎಸ್‌ಪಿ-೩೨ ಎಂಬ ಹಲಗೆ. ಇದರ ಚಿಪ್ಪನ್ನು ಶಾಂಘೈನ ಎಸ್ಪ್ರೆಸಿಫ್ ಕಂಪನಿ ೨೦೧೬ರಲ್ಲಿ ಮಾರುಕಟ್ಟೆಗೆ ತಂದಿತು. ಶಾಖ ಮತ್ತು ತೇವ ಅಳೆಯಲು ಡಿಎಚ್‌ಟಿ-೨೨ ಎಂಬ ಬಿಳಿ ಜಾಲರಿಯ ಸೆನ್ಸರ್. ಅದು ಎರಡು ಸೆಕೆಂಡಿಗೊಮ್ಮೆ ಹೊಸ ಲೆಕ್ಕ ಕೊಡುತ್ತದೆ. ತೋರಿಸಲು ಒಂದಂಗುಲಕ್ಕಿಂತ ಸ್ವಲ್ಪ ಚಿಕ್ಕದಾದ ಓಎಲ್‌ಇಡಿ ಪರದೆ. ಮಾತಾಡಲು ಡಿಎಫ್‌ಪ್ಲೇಯರ್ ಮಿನಿ ಎಂಬ ಹೆಬ್ಬೆರಳಿನಷ್ಟು ಹಲಗೆ, ಮೊಬೈಲಿಗೆ ಹಾಕುವಂಥ ಮೆಮೊರಿ ಕಾರ್ಡು, ಒಂದು ಪುಟ್ಟ ಸ್ಪೀಕರು. ಶಕ್ತಿಗೆ ೧೮೬೫೦ ಎಂಬ ಲಿಥಿಯಂ ಸೆಲ್ಲು. ೧೮ ಮಿಲಿಮೀಟರ್ ದಪ್ಪ, ೬೫ ಮಿಲಿಮೀಟರ್ ಉದ್ದ ಇರುವುದರಿಂದ ಅದಕ್ಕೆ ಆ ಹೆಸರು. ಸೆಲ್ಲನ್ನು ಚಾರ್ಜ್ ಮಾಡಲು ಟಿಪಿ-೪೦೫೬. ಸೆಲ್ಲಿನ ೩.೭ ವೋಲ್ಟನ್ನು ೫ಕ್ಕೆ ಏರಿಸಲು ಎಂಟಿ-೩೬೦೮. ಒಂದು ಸ್ವಿಚ್ಚು, ಒಂದು ಗುಂಡಿ. ಇಷ್ಟೇ ಸಾಮಾನು. ದರ ಅಂಗಡಿಯಿಂದ ಅಂಗಡಿಗೆ ಏರುಪೇರಾಗುತ್ತದೆ, ಒಟ್ಟು ೧೫೦೦ರ ಸುತ್ತಮುತ್ತ ಬರುತ್ತದೆ.

ಕಟ್ಟುವವರು ಒಂದು ಮಾತು ನೆನಪಿಡಿ. ಎಂಟಿ-೩೬೦೮ ಹಲಗೆ ೨೮ ವೋಲ್ಟಿನವರೆಗೂ ಏರಿಸಬಲ್ಲದು. ಮೊದಲು ಅದನ್ನೊಂದನ್ನೇ ಸೆಲ್ಲಿಗೆ ಕೊಟ್ಟು, ಮಲ್ಟಿಮೀಟರ್ ಹಿಡಿದು, ಪುಟ್ಟ ತಿರುಪನ್ನು ತಿರುಗಿಸಿ ೫ಕ್ಕೆ ನಿಲ್ಲಿಸಿ. ಆಮೇಲೆ ಉಳಿದ ಹಲಗೆಗಳನ್ನು ಜೋಡಿಸಿ. ಹಾಗೆಯೇ, ತಲೆಯ ಹಲಗೆಯಿಂದ ಮಾತಿನ ಹಲಗೆಗೆ ಹೋಗುವ ತಂತಿಯಲ್ಲಿ ೧೦೦೦ ಓಮಿನ ಒಂದು ರೆಸಿಸ್ಟರ್ ಹಾಕಿ. ಇಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಗುಂಯ್ ಸದ್ದು ಬರುವುದುಂಟು.

ಮೊಳೆ ಇಲ್ಲದಿದ್ದರೆ ಕಲ್ಲಚ್ಚು

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಆ ಪರದೆಯಲ್ಲಿ ಅಡ್ಡಕ್ಕೆ ೧೨೮, ಉದ್ದಕ್ಕೆ ೬೪ ಚುಕ್ಕೆ. ಒಟ್ಟು ೮೧೯೨ ಚುಕ್ಕೆ. ಇಂಗ್ಲಿಷಿನಲ್ಲಿ ಬರೆ ಎಂದರೆ ತಕ್ಷಣ ಬರೆಯುತ್ತದೆ. ಕನ್ನಡದಲ್ಲಿ ಬರೆ ಎಂದರೆ ತಡವರಿಸುತ್ತದೆ. ಯಾಕೆ?

ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಇದೆ, ಅದರ ಕೊರತೆಯಿಲ್ಲ. ಕಷ್ಟ ಇರುವುದು ಜೋಡಣೆಯಲ್ಲಿ. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಒಳಗೆ ಆರು ಸಂಕೇತಗಳಿವೆ: ಸ, ಹಲಂತ, ತ, ಮತ್ತೆ ಹಲಂತ, ರ, ದೀರ್ಘ ಈಕಾರ. ಯಾವ ಒತ್ತು ಎಲ್ಲಿ ಕೂರಬೇಕು, ಯಾವ ಗುಣಿತ ಎಲ್ಲಿಗೆ ಸೇರಬೇಕು ಎಂದು ಬಲ್ಲ ಕಂಪೋಸಿಟರ್ ಬೇಕು. ನಿಮ್ಮ ಮೊಬೈಲಿನ ಒಳಗೆ ಅಂಥ ಕಂಪೋಸಿಟರ್ ಕೆಲಸ ಮಾಡುವ ತಂತ್ರಾಂಶ ಕೂತಿದೆ. ಈ ಪುಟ್ಟ ಹಲಗೆಗಳಿಗೆಂದು ಬರೆದ ಸಾಮಾನ್ಯ ತಂತ್ರಾಂಶಗಳು ಒಂದರ ಪಕ್ಕ ಒಂದು ಅಕ್ಷರ ಇಡುವುದನ್ನಷ್ಟೇ ಬಲ್ಲವು. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು.

ಹಾಗಂತ ಕೈಚೆಲ್ಲಬೇಕೇ? ನಮ್ಮ ಹಿಂದಿನವರು ಕೈಚೆಲ್ಲಲಿಲ್ಲ. ೧೮೪೩ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದಾಗ ಅದು ಮೊಳೆಗಳನ್ನು ಜೋಡಿಸಿ ಅಚ್ಚಾದ ಪತ್ರಿಕೆಯಲ್ಲ, ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಅಂದರೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸಲಿಲ್ಲ, ಬರೆದ ಪುಟವನ್ನೇ ಇಡಿಯಾಗಿ ಕಲ್ಲಿನಿಂದ ಒತ್ತಿದರು. ನಮ್ಮ ಪ್ರೆಸ್ಸುಗಳಲ್ಲೂ ಕೇಸಿನಲ್ಲಿ ಇಲ್ಲದ ಅಕ್ಷರ ಬಂದರೆ ಬ್ಲಾಕ್ ಮಾಡಿಸುತ್ತಿದ್ದೆವು.

ಇಲ್ಲೂ ಅದೇ ಉಪಾಯ. ‘ಉಷ್ಣಾಂಶ’, ‘ತೇವಾಂಶ’ ಎಂಬ ಪದಗಳನ್ನು ಕಂಪ್ಯೂಟರಿನಲ್ಲಿ ನುಡಿ ಹಾಕಿ ಬರೆದು, ಕಪ್ಪು ಬಿಳುಪು ಚಿತ್ರ ಮಾಡಿ, ಆ ಚಿತ್ರವನ್ನೇ ಚುಕ್ಕೆಗಳ ಲೆಕ್ಕವಾಗಿ ಹಲಗೆಗೆ ತುಂಬಿಸುವುದು. ೬೪ ಚುಕ್ಕೆ ಅಗಲ, ೧೬ ಚುಕ್ಕೆ ಎತ್ತರದ ಒಂದು ಪದಕ್ಕೆ ಬೇಕಾಗುವ ಜಾಗ ೧೨೮ ಬೈಟ್. ೧೬ಕ್ಕೆ ೨೪ ಚುಕ್ಕೆಯ ಒಂದು ಕನ್ನಡ ಅಂಕಿಗೆ ೪೮ ಬೈಟ್. ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಅಂಕಿಗೆ ೪೮೦ ಬೈಟ್. ಹಲಗೆಯಲ್ಲಿರುವ ಜಾಗವೋ, ಸಾಮಾನ್ಯವಾಗಿ ೪೦ ಲಕ್ಷ ಬೈಟಿಗೂ ಹೆಚ್ಚು! ಕನ್ನಡಕ್ಕೆ ಜಾಗ ಸಾಲದು ಎಂದು ಇನ್ನು ಮೇಲೆ ಯಾರಾದರೂ ಹೇಳಿದರೆ ಈ ಲೆಕ್ಕ ಅವರ ಮುಂದಿಡಿ.

ಅಷ್ಟು ಚಿಕ್ಕ ಅಳತೆಯಲ್ಲಿ ಅಕ್ಷರ ಹಾಗೇ ಇಳಿಸಿದರೆ ‘ಷ್ಣ’ದ ಒತ್ತು ಮುದ್ದೆಯಾಗುತ್ತದೆ. ಚುಕ್ಕೆ ಚುಕ್ಕೆ ನೋಡಿ, ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಇಟ್ಟು ತಿದ್ದಬೇಕು. ಪ್ರೂಫ್ ನೋಡಿದಷ್ಟೇ ತಾಳ್ಮೆಯ ಕೆಲಸ ಅದು. ಇಂಜಿನಿಯರ್ ಬೇಕಾಗಿಲ್ಲ, ಅಕ್ಷರ ಬಲ್ಲವನು ಬೇಕು.

ಅಕ್ಕನ ದನಿಯಲ್ಲಿ ನೂರು ಅಂಕಿ

ಮಾತಿನ ವಿಷಯದಲ್ಲಿ ಒತ್ತಕ್ಷರದ ತೊಡಕೂ ಇಲ್ಲ. ಆದರೆ ಅಲ್ಲೂ ಕನ್ನಡಕ್ಕೆ ಅದರದೇ ದಾರಿ ಇದೆ. ಇಂಗ್ಲಿಷಿನವರು ಇಪ್ಪತ್ತನ್ನೂ ಒಂದನ್ನೂ ಬೇರೆಬೇರೆ ಹೇಳಿಸಿ ಅಕ್ಕಪಕ್ಕ ಇಟ್ಟರೆ ಇಪ್ಪತ್ತೊಂದಾಗುತ್ತದೆ. ನಮ್ಮಲ್ಲಿ ‘ಇಪ್ಪತ್ತು’, ‘ಒಂದು’ ಎಂದರೆ ಕಿವಿಗೆ ಕಲ್ಲು ಬಿದ್ದಂತೆ. ನಮ್ಮದು ಸಂಧಿಯ ಭಾಷೆ. ಇಪ್ಪತ್ತೊಂದು, ಮೂವತ್ತೆರಡು, ಎಪ್ಪತ್ತೈದು ಎಂದು ಕೂಡಿಯೇ ಬರಬೇಕು. ಆದ್ದರಿಂದ ಒಂದರಿಂದ ನೂರರವರೆಗೆ ನೂರು ಅಂಕಿಯನ್ನೂ ಬೇರೆಬೇರೆಯಾಗಿ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿದೆವು. ೨೭ ಎಂಬ ದನಿಗೆ ೦೦೨೭ ಎಂದೇ ಹೆಸರು. ಸೆನ್ಸರು ೨೭ ಎಂದರೆ ಹಲಗೆ ಆ ಹೆಸರಿನ ದನಿಯನ್ನು ಎತ್ತಿ ನುಡಿಸುತ್ತದೆ.

ದನಿ ಅಕ್ಕನದೇ. ಒಂದು ಸಂಜೆ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ನೂರು ಅಂಕಿ ಹೇಳಿದಳು. ಜೊತೆಗೆ ತನ್ನದೇ ಮಾತಿನಲ್ಲಿ ಎರಡು ಎಚ್ಚರಿಕೆ: “ತೇವ ಕಮ್ಮಿ ಆಗೈತೆ, ಗೋಣಿತಾಟು ನೆನೆಸು”, “ತೇವ ಜಾಸ್ತಿ ಆಗೈತೆ, ಕಿಟಕಿ ತೆಗಿ”. ಯಾವ ಕಂಪನಿಯ ಯಂತ್ರ ಈ ಮಾತು ಆಡುತ್ತದೆ ಹೇಳಿ? ಬೀದರಿನವರು ಬೀದರಿನ ಮಾತಿನಲ್ಲಿ, ಕುಂದಾಪುರದವರು ಕುಂದಾಪುರದ ಮಾತಿನಲ್ಲಿ ತುಂಬಿಸಿಕೊಳ್ಳಲಿ. ಕಾರ್ಡು ಬದಲಾಯಿಸಿದರೆ ಮಾತು ಬದಲಾಗುತ್ತದೆ, ಯಂತ್ರ ಅದೇ ಇರುತ್ತದೆ. ಓದು ಬರದವರಿಗೂ, ಕಣ್ಣು ಕಾಣದವರಿಗೂ ಗುಂಡಿ ಒತ್ತಿದರೆ ಸಾಕು.

ಮೀಟರ್ ಸರಿ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಅಡಿಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹೋಗದಂತೆ, ಗೊಜ್ಜಿನಂತೆ ಆಗುವಷ್ಟು ಮಾತ್ರ ನೀರು ಬೆರೆಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು ಒಂದು ರಾತ್ರಿ ಬಿಡಿ. ಡಬ್ಬಿಯೊಳಗಿನ ತೇವಾಂಶ ೭೫ಕ್ಕೆ ಬಂದು ನಿಲ್ಲುತ್ತದೆ. ಮೀಟರ್ ೭೫ರ ಹತ್ತಿರ ಹೇಳಿದರೆ ನಂಬಬಹುದು, ಹೆಚ್ಚುಕಮ್ಮಿ ಹೇಳಿದರೆ ಎಷ್ಟು ವ್ಯತ್ಯಾಸವೋ ಅಷ್ಟನ್ನು ಲೆಕ್ಕದಲ್ಲಿ ಸರಿಮಾಡಬಹುದು. ಹುಳು ಮನೆಗೆ ರೋಗನಾಶಕ ಹೊಡೆಯುವಾಗ ಮಾತ್ರ ಯಂತ್ರವನ್ನು ಹೊರಗಿಡಿ, ಆ ಆವಿಗೆ ಸೆನ್ಸರು ಕೆಡುತ್ತದೆ.

ಬೆಂಕಿಯ ಜೊತೆ ಸರಸ ಬೇಡ

ಲಿಥಿಯಂ ಸೆಲ್ಲು ಟಾರ್ಚಿನ ಸೆಲ್ಲಲ್ಲ. ೪.೨ ವೋಲ್ಟಿಗಿಂತ ಹೆಚ್ಚು ತುಂಬಿಸಿದರೆ, ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗಿದರೆ, ಮೊಳೆ ಚುಚ್ಚಿದರೆ ಹೊತ್ತಿ ಉರಿಯಬಹುದು. ಟಿಪಿ-೪೦೫೬ ಕೊಳ್ಳುವಾಗ ರಕ್ಷಣೆಯ ಚಿಪ್ಪು ಇರುವ ಹಲಗೆಯನ್ನೇ ಕೇಳಿ ಕೊಳ್ಳಿ. ಸೆಲ್ಲಿನ ಮೇಲೆ ‘೯೯೦೦’ ಎಂದು ಬರೆದಿದ್ದರೆ ಅದು ಹಸಿ ಸುಳ್ಳು. ಈ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ ಹಿಡಿಸುವುದೇ ೩೫೦೦ರ ಆಸುಪಾಸು. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಹೊಸ ಹೊದಿಕೆ ಸುತ್ತಿ ಮಾರುವವರೂ ಇದ್ದಾರೆ. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಹೋಲ್ಡರ್ ಬಳಸಿ. ಸಣ್ಣ ಮಕ್ಕಳು ಒಬ್ಬೊಬ್ಬರೇ ಕೂತು ಈ ಕೆಲಸ ಮಾಡುವುದು ಬೇಡ, ದೊಡ್ಡವರು ಪಕ್ಕದಲ್ಲಿರಬೇಕು.

ಈ ಎಚ್ಚರಿಕೆಗಳು ಎಲ್ಲಿವೆ? ಇಂಗ್ಲಿಷಿನಲ್ಲಿವೆ, ಚೀನೀ ಭಾಷೆಯಲ್ಲಿವೆ. ನಾನು ನೋಡಿದ ಒಂದು ಪೊಟ್ಟಣದಲ್ಲೂ ಕನ್ನಡದ ಚೀಟಿ ಇರಲಿಲ್ಲ. ಕನ್ನಡ ಮಾಧ್ಯಮದ ಹುಡುಗ ಆ ಸೆಲ್ಲನ್ನು ಕೈಯಲ್ಲಿ ಹಿಡಿದಾಗ ಅವನಿಗೆ ಎಚ್ಚರಿಕೆ ಹೇಳುವವರು ಯಾರು? ಭಾಷೆಯ ಪ್ರಶ್ನೆ ಬರೀ ಅಭಿಮಾನದ್ದಲ್ಲ, ಮಕ್ಕಳ ಕೈ ಸುಡದಿರುವ ಪ್ರಶ್ನೆಯೂ ಹೌದು.

ಕೇಳುವವರಿಗೆ ಉತ್ತರ

“ರೆಡಿಮೇಡ್ ಮೀಟರ್ ಇನ್ನೂ ಅಗ್ಗಕ್ಕೆ ಸಿಗುತ್ತಲ್ಲ?” ಸಿಗುತ್ತದೆ. ಬರೀ ಅಂಕಿ ಸಾಕು ಎನ್ನುವವರು ಧಾರಾಳವಾಗಿ ಕೊಳ್ಳಲಿ. ಆದರೆ ಅದು ಮಾತಾಡುವುದಿಲ್ಲ, ನಿಮ್ಮ ಹುಳುವಿನ ಹಂತಕ್ಕೆ ತಕ್ಕಂತೆ ಎಚ್ಚರಿಸುವುದಿಲ್ಲ, ಕೆಟ್ಟರೆ ತಿಪ್ಪೆಗೆ ಹೋಗುತ್ತದೆ. ನಾವು ಕಟ್ಟಿದ್ದರಲ್ಲಿ ಸೆನ್ಸರು ಕೆಟ್ಟರೆ ಸೆನ್ಸರೊಂದನ್ನೇ ಬದಲಾಯಿಸಿದರೆ ಮುಗಿಯಿತು.

“ಎಲ್ಲ ಚೀನಾ ಮಾಲು ತಾನೇ?” ಹೌದು, ಹೆಚ್ಚಿನದು ಚೀನಾದ್ದೇ. ಸ್ವದೇಶಿ ಎಂದು ಜಂಬ ಕೊಚ್ಚಿಕೊಳ್ಳುವುದು ಬೇಡ. ಆದರೆ ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ ೨೦೦೫ರಲ್ಲಿ ಆರ್ಡುಯಿನೊ ಎಂಬ ಹಲಗೆ ಹುಟ್ಟಿದಾಗ ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಈ ಪುಟ್ಟ ಹಲಗೆಗಳನ್ನು ಸಾಮಾನ್ಯರೂ ಕೈಗೆತ್ತಿಕೊಳ್ಳುವ ದಾರಿ ಆಗ ಅಗಲವಾಯಿತು. ಇಎಸ್‌ಪಿ-೩೨ಕ್ಕೂ ನಾವು ಅದೇ ಆರ್ಡುಯಿನೊ ತಂತ್ರಾಂಶದಲ್ಲಿ ಪ್ರೋಗ್ರಾಮ್ ಬರೆಯುತ್ತೇವೆ. ಆ ದಾರಿಯಲ್ಲಿ ಚೀನಾದವರು ನಡೆದರು. ನಮ್ಮನ್ನು ಯಾರೂ ತಡೆದಿಲ್ಲ.

“ಪ್ರೋಗ್ರಾಮ್ ಬರೆಯಲು ಇಂಗ್ಲಿಷ್ ಬೇಕಲ್ಲ?” ಬೇಕು, ಸುಳ್ಳು ಹೇಳುವುದಿಲ್ಲ. ಇಫ್, ಎಲ್ಸ್, ಲೂಪ್ ಎಂಬಂಥ ಕೆಲವು ಹತ್ತು ಪದ ಕಲಿಯಬೇಕು. ಸ್ಪ್ಯಾನರು, ಗೇರು, ಕ್ಲಚ್ಚು ಎನ್ನುತ್ತಲೇ ನಮ್ಮ ಮೆಕ್ಯಾನಿಕ್ಕುಗಳು ಲಾರಿ ಬಿಚ್ಚಿ ಜೋಡಿಸುವುದಿಲ್ಲವೇ? ಪದ ಕಲಿಯುವುದು ಬೇರೆ, ಆ ಭಾಷೆ ಬರದಿದ್ದರೆ ವಿದ್ಯೆಯೇ ಇಲ್ಲ ಎನ್ನುವುದು ಬೇರೆ. ಪ್ರೋಗ್ರಾಮಿನ ಸಾಲಿನ ಪಕ್ಕ ಎರಡು ಓರೆಗೆರೆ ಹಾಕಿದರೆ, ಅದರ ಮುಂದೆ ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಹುಡುಗ ಹಾಗೇ ಬರೆದಿದ್ದಾನೆ. ನಾಳೆ ಇನ್ನೊಬ್ಬ ಹುಡುಗ ಅದನ್ನು ಓದಿ ಕಲಿಯುತ್ತಾನೆ.

ಕಂಪ್ಯೂಟರಿನಲ್ಲಿ ನಾವು ಇವತ್ತು ಸಲೀಸಾಗಿ ಕನ್ನಡ ಕುಟ್ಟುತ್ತೇವೆ. ಅದರ ಹಿಂದೆ ಕೆ.ಪಿ. ರಾವ್ ಅವರಂಥವರು ಕೂತು ರೂಪಿಸಿದ ಕೀಲಿಮಣೆಯ ವಿನ್ಯಾಸವಿದೆ. ಯಾವ ವಿದೇಶಿ ಕಂಪನಿಯೂ ದಯೆತೋರಿ ಕೊಟ್ಟದ್ದಲ್ಲ. ಕಂಪ್ಯೂಟರಿಗೆ ಅವರು ಮಾಡಿದ ಕೆಲಸವನ್ನು ಈ ಪುಟ್ಟ ಹಲಗೆಗಳಿಗೆ ಯಾರು ಮಾಡುತ್ತಾರೆ?

ಮಾಡಬೇಕಾದ್ದು

ಮೊದಲನೆಯದು ಶಾಲೆಗಳಿಗೆ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ೨೦೧೬ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ ೨೦ ಲಕ್ಷ ರೂಪಾಯಿವರೆಗೆ ನೆರವು. ನಿಮ್ಮೂರ ಶಾಲೆಯಲ್ಲಿ ಅಂಥ ಲ್ಯಾಬ್ ಇದ್ದರೆ ಒಮ್ಮೆ ಒಳಗೆ ಹೋಗಿ ನೋಡಿ. ಪೆಟ್ಟಿಗೆ ಬಿಚ್ಚಿದ್ದಾರೆಯೇ? ಮಕ್ಕಳ ಕೈಗೆ ಕೊಟ್ಟಿದ್ದಾರೆಯೇ? ಪಾಠದ ಹಾಳೆ ಕನ್ನಡದಲ್ಲಿದೆಯೇ? ಇಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನು ಮರ್ಯಾದೆಯಿಂದ ಕೇಳಿ, ಉತ್ತರ ಬರುವವರೆಗೆ ಕೇಳಿ.

ಎರಡನೆಯದು ಸಂಘಗಳಿಗೆ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇರಲಿ, ಬೇಡ ಎನ್ನುವುದಿಲ್ಲ. ಆ ಖರ್ಚಿನಲ್ಲಿ ೧೫,೦೦೦ ರೂಪಾಯಿ ತೆಗೆದಿಟ್ಟರೆ ಇಂಥ ಹತ್ತು ಯಂತ್ರದ ಸಾಮಾನು ಬರುತ್ತದೆ. ಹೈಸ್ಕೂಲಿನ ಹತ್ತು ಮಕ್ಕಳು ಎರಡು ಭಾನುವಾರ ಕೂತು ಕಟ್ಟಲಿ. ಕಟ್ಟಿದ್ದನ್ನು ಊರಿನ ಹುಳು ಮನೆಗೆ, ಅಂಗನವಾಡಿಗೆ, ಬೀಜದ ಗೋದಾಮಿಗೆ ಕೊಡಲಿ.

ಮೂರನೆಯದು ಅಂಗಡಿಯವರಿಗೆ. ಮಾಡ್ಯೂಲಿನ ಜೊತೆ ಒಂದು ಪುಟದ ಕನ್ನಡ ಚೀಟಿ ಕೊಡಿ. ಕೆಂಪು ತಂತಿ ಎಲ್ಲಿಗೆ, ಕಪ್ಪು ತಂತಿ ಎಲ್ಲಿಗೆ, ಏನು ಮಾಡಬಾರದು. ಇಷ್ಟು ಸಾಕು. ಗಿರಾಕಿ ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ.

ನನ್ನ ಪಾಲಿನದು ಹೇಳಿಬಿಡುತ್ತೇನೆ. ತಿದ್ದಿದ ಕನ್ನಡ ಅಂಕಿಗಳ ಚುಕ್ಕೆ ಲೆಕ್ಕ, ಪದಗಳ ಬ್ಲಾಕು, ತಂತಿ ಜೋಡಣೆಯ ನಕ್ಷೆ, ಸೆಲ್ಲಿನ ಎಚ್ಚರಿಕೆ, ಎಲ್ಲವೂ ಎರಡು ಪುಟದಲ್ಲಿ ಸಿದ್ಧವಾಗಿದೆ. ಯಾವುದೇ ಶಾಲೆ, ಯಾವುದೇ ಕನ್ನಡ ಸಂಘ ಕೇಳಿದರೂ ನನ್ನ ಪ್ರೆಸ್ಸಿನಲ್ಲಿ ಕೂಲಿಯಿಲ್ಲದೆ ಅಚ್ಚು ಹಾಕಿಕೊಡುತ್ತೇನೆ. ಕಾಗದ ಮಾತ್ರ ನೀವು ತನ್ನಿ. ಅದರಲ್ಲಿ ನನ್ನ ಹೆಸರು ಇರುವುದಿಲ್ಲ, ಯಾರು ಬೇಕಾದರೂ ಮತ್ತೆ ಅಚ್ಚು ಹಾಕಿಕೊಳ್ಳಬಹುದು, ಇನ್ನೂ ಚೆನ್ನಾಗಿ ತಿದ್ದಬಹುದು. ಮುಂದಿನ ಚಾಕಿಗೆ ಮೊದಲು ನಿಮ್ಮೂರಲ್ಲೂ ಒಂದು ಯಂತ್ರ ಕನ್ನಡದಲ್ಲಿ ಬಾಯಿ ಬಿಡಲಿ.